ಎಳನೀರಿನ ಋಣ

ಹಳೇಬೀಡಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಸಮೀಪದ ಹುಲಿಕೆರೆಯನ್ನು ನೋಡದೆಯೇ ಹಿಂದಿರುಗುತ್ತಾರೆ. ಅಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದಿದೆ. ಸುತ್ತಲೂ ಪುಟ್ಟ ಪುಟ್ಟ ಗುಡಿಗಳು. ಅದರ ಸೋಪಾನಗಳ ಮೇಲೆ ಕುಳಿತು ನಮ್ಮ ತಂದೆಯವರೊಡನೆ ಕತ್ತಲಾಗುವವರೆಗೆ ಮಾತನಾಡುತ್ತಿದ್ದ ಮೇಷ್ಟರೊಬ್ಬರು ಕಳೆದ ಮಾಘದಲ್ಲಿ ಪ್ರಭುವಿನ ಪಾದ ಸೇರಿದರು. ಕ್ರೈಸ್ತ ಸಭೆಗೆ ಸೇರಿದವರು. ಹೆಸರು ಬರೆಯುವುದು ಬೇಡವೆಂದು ಮನೆಯವರು ಕೋರಿದ್ದಾರೆ. ಅವರ ಸ್ವಭಾವಕ್ಕೂ ಅದೇ ಒಪ್ಪುವಂಥದು.

ಭಾನುವಾರ ಬೆಳಗಿನ ಬಸ್ಸಿಗೆ ಹಾಸನದ ಚರ್ಚಿಗೆ ಹೋಗಿಬಂದು, ಸಂಜೆ ನಮ್ಮ ಮನೆಯ ಶಿವಾನುಭವಗೋಷ್ಠಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಉತ್ತಂಗಿ ಚನ್ನಪ್ಪನವರ ಹೆಸರು ನಮ್ಮ ಮನೆಗೆ ಬಂದದ್ದು ಅವರಿಂದಲೇ. 1881ರಲ್ಲಿ ಜನಿಸಿ 1962ರಲ್ಲಿ ಅಗಲಿದ ಉತ್ತಂಗಿಯವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಕಲ್ಯಾಣದ ಅನುಭವಮಂಟಪವು ನಿಜವಾಗಿಯೂ ಇತ್ತೇ ಎಂಬ ಸಂದೇಹವೆದ್ದಾಗ, ಇತ್ತೆಂದು 1951ರಲ್ಲಿ ಗ್ರಂಥವನ್ನೇ ಬರೆದು ವಾದಿಸಿದವರೂ ಅವರೇ. ನಮ್ಮ ಸಮಾಜವು ಅವರನ್ನು ನೆನೆಯಬೇಕಾದಷ್ಟು ನೆನೆದಿಲ್ಲವೆಂಬುದು ನಮ್ಮ ಭಾವನೆ.

ಆ ಗ್ರಂಥವನ್ನು ಮೇಷ್ಟರು ತಂದುಕೊಟ್ಟ ದಿನ ತಂದೆಯವರು ನಗುತ್ತ, "ಇದರ ಗೊಡವೆ ನಿಮ್ಮವರಿಗೇಕೆ ಮೇಷ್ಟರೇ?" ಎಂದಿದ್ದರು.

"ಕನ್ನಡದ ಮನೆಯಲ್ಲಿ ಹುಟ್ಟಿದವರಿಗೆ ಪಾಲು ಬೇಡವೇ ಅಯ್ಯನವರೇ?" ಎಂಬುದು ಮರುಮಾತು.

ತಂದೆಯವರು ಆ ಮನೆಯಲ್ಲಿ ನಿಸ್ಸಂಕೋಚವಾಗಿ ಉಂಡು ಬರುತ್ತಿದ್ದರು. ಮಠದಲ್ಲಿ ಓದುತ್ತಿದ್ದ ನಮಗೆ ಮಾತ್ರ ಏನೋ ಅಳುಕು. ಅದನ್ನು ಯಾರೂ ಕಲಿಸಿದ್ದಲ್ಲ. ಎಲ್ಲಿಂದಲೋ ಬಂದು ಮನಸ್ಸಿನಲ್ಲಿ ಕುಳಿತಿತ್ತು. ಬೇಸಿಗೆಯ ರಜೆಯಲ್ಲಿ ಹೋದಾಗಲೆಲ್ಲ ಮೇಷ್ಟರು ಅಂಗಳದಲ್ಲಿಯೇ ನಮ್ಮೆದುರು ಎಳನೀರು ಕೆತ್ತಿಸಿ ಕೊಡುತ್ತಿದ್ದರು. ತೆಂಗಿನ ಸೀಮೆಯ ಉಪಚಾರವೆಂದು ಕುಡಿದು ಬರುತ್ತಿದ್ದೆವು. ಓದು ಮುಗಿಯಿತು, ವಯಸ್ಸಾಯಿತು, ವೇದಿಕೆಗಳ ಮೇಲೆ ಶರಣರ ಸಮತೆಯನ್ನು ಕುರಿತು ಗಂಟೆಗಟ್ಟಲೆ ಉಪನ್ಯಾಸ ಮಾಡಿದೆವು. ಎಳನೀರಿನ ಪದ್ಧತಿ ಮಾತ್ರ ಹಾಗೆಯೇ ನಡೆದುಬಂದಿತು.

ಅಂತ್ಯಕ್ರಿಯೆಯು ಹಾಸನದಲ್ಲಿ ನೆರವೇರಿತು. ಅವರೂ ನಮ್ಮಂತೆಯೇ ದೇಹವನ್ನು ಮಣ್ಣಿಗೆ ಒಪ್ಪಿಸುವವರು. ನಾವು ಕುಳ್ಳಿರಿಸುತ್ತೇವೆ, ಅವರು ಮಲಗಿಸುತ್ತಾರೆ. ನಾವೂ ಒಂದು ಹಿಡಿ ಮಣ್ಣು ಹಾಕಿ, ಮನೆಯವರೊಡನೆ ಊರಿಗೆ ಮರಳಿದೆವು. ಮೇಷ್ಟರ ಪತ್ನಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಬಿಸಿಲಿನಲ್ಲಿ ಬಂದ ನಮ್ಮನ್ನು ನೋಡಿ, ಆ ದುಃಖದಲ್ಲಿಯೂ ಮೊಮ್ಮಗನನ್ನು ಕರೆದು, "ಅಯ್ಯನವರಿಗೆ ಒಂದು ಎಳನೀರು ಕೆತ್ತು" ಎಂದರು. ಬಳಿಕ ನಮ್ಮ ಕಡೆ ತಿರುಗಿ, "ನೀವು ಬರುವ ಸುದ್ದಿ ಸಿಕ್ಕರೆ ಹಿಂದಿನ ದಿನವೇ ಕಾಯಿ ಇಳಿಸಿಡುತ್ತಿದ್ದರು. ನಮ್ಮ ಮನೆಯ ನೀರು ಅವರಿಗೆ ಕಷ್ಟ, ಬಾಯಿಬಿಟ್ಟು ಹೇಳುವ ಸಂಕಟ ಅವರಿಗೆ ಬರಬಾರದು ಎನ್ನುತ್ತಿದ್ದರು" ಎಂದರು. ಆಕ್ಷೇಪಣೆಯ ದನಿಯೇ ಅದರಲ್ಲಿ ಇರಲಿಲ್ಲ.

ಸುಮಾರು ಐವತ್ತು ವರ್ಷ! ಅವರು ಎಲ್ಲವನ್ನೂ ಬಲ್ಲವರಾಗಿದ್ದರು.

ಹುಡುಗ ಮಚ್ಚು ಹುಡುಕುತ್ತಿದ್ದ. "ಬೇಡಪ್ಪ" ಎಂದು ತಡೆದು, "ಒಂದು ಚೊಂಬು ನೀರು ಕೊಡಿ, ತಾಯೀ" ಎಂದೆವು. ಅವರು ನಮ್ಮ ಮುಖವನ್ನು ಒಮ್ಮೆ ನೋಡಿ, ಕಂಬ ಹಿಡಿದು ಮೆಲ್ಲನೆ ಎದ್ದು ಒಳಗೆ ಹೋದರು.