ಬಾಯಿ ಕ್ಯಾನ್ಸರ್‌ಗೆ ಕಡಿಮೆ ಡೋಸ್ ಔಷಧ: ನಾವು ಕೇಳಬೇಕಾದ ಪ್ರಶ್ನೆ

ಅಂಬಾಜಿದುರ್ಗ ಹೋಬಳಿಯ ಯಾವ ಊರಿಗೆ ಹೋದರೂ ಜಗುಲಿ ಮೇಲೆ ಎಲೆ ಅಡಿಕೆ, ಹೊಗೆಸೊಪ್ಪು ಇದ್ದೇ ಇರುತ್ತದೆ. ಗುಟ್ಕಾಗೆ ರಾಜ್ಯದಲ್ಲಿ 2013ರಲ್ಲೇ ನಿಷೇಧ ಬಂತು. ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಅಂಗೈಯಲ್ಲೇ ಬೆರೆಯುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರ್ ಮುಂದುವರಿದು 'ಇಮ್ಯುನೊಥೆರಪಿ' ಎಂಬ ಹೆಸರು ಕಿವಿಗೆ ಬಿದ್ದರೆ, "ಅದು ದುಡ್ಡಿರೋರಿಗೆ ಬಿಡಿ" ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬಾರದು ಎನ್ನುವುದು ನಮ್ಮ ಮಾತು.

ಈ ಚಿಕಿತ್ಸೆ ಏನು ಮಾಡುತ್ತದೆ? ಕಳ್ಳ ತೋಟದ ನಾಯಿಗೆ ರೊಟ್ಟಿ ಹಾಕಿ ಬಾಯಿ ಮುಚ್ಚಿಸುವ ಹಾಗೆ, ಕ್ಯಾನ್ಸರ್ ನಮ್ಮ ದೇಹದ ಕಾವಲು ಕಣಗಳನ್ನು ತಡೆದು ಸುಮ್ಮನಾಗಿಸುತ್ತದೆ. ಔಷಧ ಆ ತಡೆ ಬಿಡಿಸುತ್ತದೆ, ಕಾವಲು ಕಣಗಳು ಮತ್ತೆ ಕ್ಯಾನ್ಸರ್ ಮೇಲೆ ಬೀಳುತ್ತವೆ. ಇದರ ಮೂಲ ಸಂಶೋಧನೆಗೆ 2018ರಲ್ಲಿ ನೊಬೆಲ್ ಬಂತು.

ತೊಂದರೆ ಇರುವುದು ಬೆಲೆಯಲ್ಲಿ. ನಿವೊಲುಮಾಬ್ ಎಂಬ ಔಷಧದ ಪೂರ್ಣ ಡೋಸ್ ಎರಡು ವಾರಕ್ಕೆ 240 ಮಿ.ಗ್ರಾಂ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಮೂರು ವಾರಕ್ಕೆ ಬರೀ 20 ಮಿ.ಗ್ರಾಂ ಕೊಟ್ಟು ನೋಡಿದರು. ಗುಣವಾಗುವ ಹಂತ ದಾಟಿದ್ದ 151 ರೋಗಿಗಳ ಮೇಲೆ ನಡೆದ ಈ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕಡಿಮೆ ಖರ್ಚಿನ ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ಒಂದು ವರ್ಷ ಕಳೆದಾಗ ಬದುಕಿದ್ದವರು ನೂರಕ್ಕೆ ಸುಮಾರು 16 ಮಂದಿ. ಮಾತ್ರೆ ಜೊತೆ ಈ ಔಷಧವನ್ನೂ ಪಡೆದವರಲ್ಲಿ ಸುಮಾರು 43 ಮಂದಿ.

ಇದು ಪವಾಡವಲ್ಲ. ಔಷಧ ಪಡೆದರೂ ಅರ್ಧಕ್ಕಿಂತ ಹೆಚ್ಚು ಜನ ವರ್ಷದೊಳಗೆ ತೀರಿಕೊಂಡರು. ಆದರೆ ಮಗಳ ಮದುವೆ ನೋಡಬೇಕೆಂದಿರುವ ಅಪ್ಪನಿಗೆ ಒಂದು ವರ್ಷ ಸಣ್ಣದಲ್ಲ.

ಆದ್ದರಿಂದ ಸರ್ಕಾರವನ್ನು ನಾವು ಕೇಳುವುದು ಇಷ್ಟು: ಕಡಿಮೆ ಡೋಸ್ ಚಿಕಿತ್ಸೆ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಎಷ್ಟು ಖರ್ಚು ಸಿಗುತ್ತದೆ ಎಂಬುದನ್ನು ಚಿಂತಾಮಣಿ ತಾಲ್ಲೂಕು ಆಸ್ಪತ್ರೆಯ ಗೋಡೆ ಮೇಲೆ ಕನ್ನಡದಲ್ಲಿ ಬರೆಸಿ. ಹೊಲ ಅಡ ಇಡುವ ಮುಂಚೆ ರೈತನಿಗೆ ಅದು ತಿಳಿಯಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವವರೂ ವೈದ್ಯರನ್ನು ಬಾಯಿಬಿಟ್ಟು ಕೇಳಿ: "ನಮಗೆ ಕಡಿಮೆ ಡೋಸ್ ಆಗುತ್ತದಾ?"

ಇನ್ನು ನಮ್ಮ ಪಾಲಿನ ಕೆಲಸ. ಎರಡು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲು ಕಷ್ಟ, ಕತ್ತಿನಲ್ಲಿ ಗಂಟು: ಇದರಲ್ಲಿ ಒಂದಿದ್ದರೂ ಆಶಾ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಗೆ ಹೋಗಿ. ಬೇಗ ಸಿಕ್ಕ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್‌ನಲ್ಲೇ ಗುಣವಾಗುವ ದಾರಿ ಇದೆ. ಹೊಗೆಸೊಪ್ಪನ್ನು ಇವತ್ತೇ ಬಿಟ್ಟರೆ ಇನ್ನೂ ಒಳ್ಳೆಯದು.