ಇನ್ನೊಂದೇ ಮರ

ಶಿವರಾತ್ರಿ ಕಳೆದು, ಗೇರುಹಣ್ಣಿನ ಕಂಪು ಗುಡ್ಡದಿಂದ ಇಳಿದು ಬರತೊಡಗಿತೆಂದರೆ ನಮ್ಮ ಬೆಳ್ಳೂರಿನ ಕಡೆಯ ಮನೆಗಳಲ್ಲಿ ಎಲ್ಲರಿಗೂ ಕೈತುಂಬ ಕೆಲಸ. ತೋಟದಲ್ಲಿ ಕೊನೆಯ ಕೊಯ್ಲು, ಅಂಗಳದಲ್ಲಿ ಒಣಗುವ ಅಡಿಕೆ, ಗುಡ್ಡದಲ್ಲಿ ಹೆಕ್ಕಬೇಕಾದ ಗೇರುಬೀಜ, ನೀರು ತಳ ಸೇರಿದ ಬಾವಿಯ ಕೆಸರು - ಎಲ್ಲವೂ ಮಳೆಗಾಲಕ್ಕೆ ಮುನ್ನ ಮುಗಿಯಬೇಕು. ಅದೇ ಹೊತ್ತಿಗೆ ಶಾಲೆಗೆ ರಜೆ; ಮಂಗಳೂರು, ಬೆಂಗಳೂರುಗಳಿಂದ ಮೊಮ್ಮಕ್ಕಳ ಆಗಮನ. ದುಡಿಮೆಯೂ ಆಟವೂ ಒಂದೇ ಅಂಗಳದಲ್ಲಿ ಕೂಡುವ ಈ ದಿನಗಳು ಸಂಭ್ರಮದ ಕಾಲ; ಅವಘಡಗಳ ಕಾಲವೂ ಹೌದು.

ಹಲವು ವರ್ಷಗಳ ಹಿಂದೆ ನಮ್ಮ ನೆರೆಕರೆಯಲ್ಲಿ ನಡೆದ ಸಂಗತಿಯೊಂದನ್ನು ನಾನು ಮರೆಯಲಾರೆ. ಮರವೇರುವುದರಲ್ಲಿ ಕೈಪಳಗಿದ ಒಬ್ಬರು ಬೆಳಗಿನಿಂದ ಅಡಿಕೆ ಕೊಯ್ಯುತ್ತಿದ್ದರು. ಮಧ್ಯಾಹ್ನದ ಉರಿಬಿಸಿಲು. ಊಟಕ್ಕೆ ಕರೆದಾಗ, “ಇನ್ನೊಂದೇ ಮರ, ಮುಗಿಸಿಯೇ ಬರುತ್ತೇನೆ” ಎಂದರು. ಆ ಮರದಿಂದಲೇ ಬಿದ್ದರು. ಗಾಬರಿಗೊಂಡ ನಾವು ತೋಳು ಕಾಲುಗಳನ್ನು ಹಿಡಿದೆತ್ತಿ, ಜೀಪಿನಲ್ಲಿ ಕುಳ್ಳಿರಿಸಿ ಆಸ್ಪತ್ರೆಗೆ ಒಯ್ದೆವು. ಪ್ರಾಣವೇನೋ ಉಳಿಯಿತು, ಸೊಂಟದಿಂದ ಕೆಳಗೆ ಬಲ ಉಳಿಯಲಿಲ್ಲ. ಬೆನ್ನೆಲುಬಿಗೆ ಪೆಟ್ಟಾದವರನ್ನು ಮಡಚಿ ಎತ್ತಬಾರದೆಂಬುದು ಅಂದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಬಿದ್ದುದರಿಂದಾದ ಹಾನಿಯೆಷ್ಟು, ನಾವು ಎತ್ತಿದುದರಿಂದಾದ ಹಾನಿಯೆಷ್ಟು ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆದುದರಿಂದ ಮೊದಲ ಮಾತು ಇದು. ಮರದಿಂದ ಬಿದ್ದವರನ್ನು ಬಿದ್ದಂತೆಯೇ ಮಲಗಿರಗೊಡಿ. ಕುಳ್ಳಿರಿಸಬೇಡಿ, ನಡೆಸಬೇಡಿ. ಒಯ್ಯಲೇಬೇಕಾದಾಗ ನಾಲ್ಕೈದು ಮಂದಿ ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಲಗೆಯ ಮೇಲೋ ಕಳಚಿದ ಬಾಗಿಲಿನ ಮೇಲೋ ಸರಿಸಿ, ಮಲಗಿಸಿಯೇ ಒಯ್ಯಬೇಕು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಬೇಕು.

ಈಗ ನೆಲದ ಮೇಲೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬೀಳುವ ಭಯ ತಪ್ಪಿತು, ನಿಜ. ಆದರೆ ಆ ದೋಟಿಯಲ್ಲಿ ವಿದ್ಯುತ್ತು ಹರಿಯುತ್ತದೆಂಬುದನ್ನು ಅನೇಕರು ಅರಿತಿಲ್ಲ. ತೋಟದ ಮೇಲೆ ತಂತಿ ಹಾದುಹೋಗುವಲ್ಲಿ ಅದನ್ನು ಎತ್ತಲೇಬಾರದು. ಗೊನೆ ಬೀಳುವ ಜಾಗದಲ್ಲಿ ಮಕ್ಕಳು ಸುಳಿಯಬಾರದು.

ಎರಡನೆಯದು ಬಾವಿ. ಇಳಿಯುವ ಮೊದಲು ಉರಿಯುವ ದೀಪವನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿ ನೋಡುವುದು ಹಿರಿಯರ ಪದ್ಧತಿ. ದೀಪ ನಂದಿದರೆ ಅಲ್ಲಿ ಪ್ರಾಣವಾಯು ಸಾಲದು, ಇಳಿಯಬಾರದು. ಸೊಪ್ಪಿನ ಗೆಲ್ಲುಗಳನ್ನು ಕಟ್ಟಿ ಹಲವು ಸಲ ಇಳಿಸಿ ಏರಿಸಿ ಗಾಳಿಯಾಡಿಸಿ, ಮತ್ತೊಮ್ಮೆ ಪರೀಕ್ಷಿಸಬೇಕು. ಎಣ್ಣೆಯ ವಾಸನೆಯಿರುವಲ್ಲಿ ಮಾತ್ರ ದೀಪವನ್ನು ಇಳಿಸಲೇಬಾರದು. ದೀಪ ಉರಿದ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ಬಾವಿಯೊಳಗೆ ಡೀಸೆಲ್ ಪಂಪು ಓಡಿಸಿದರೆ ತುಂಬುವ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪವೂ ಅದರ ಸುಳಿವು ಕೊಡದು. ನಮ್ಮ ಸುರಂಗಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಕೆಳಗೆ ಒಬ್ಬರು ಕುಸಿದಾಗ ಇನ್ನೊಬ್ಬರು ಧಾವಿಸಿ ಇಳಿಯುವುದು ಮನುಷ್ಯ ಸಹಜವಾದ ಕರುಣೆ. ಆದರೆ ಒಂದು ಸಾವು ಎರಡಾಗುವುದು, ಮೂರಾಗುವುದು ಹೀಗೆಯೇ. ಇಳಿಯುವವರ ಎದೆಗೆ, ಕಂಕುಳ ಕೆಳಗಾಗಿ, ಮೊದಲೇ ಹಗ್ಗ ಕಟ್ಟಿ, ಅದರ ತುದಿಯನ್ನು ಮೇಲಿನವರು ಹಿಡಿದಿದ್ದರೆ ಎಳೆದುಕೊಳ್ಳಬಹುದು. ಇಲ್ಲವಾದರೆ 101ಕ್ಕೆ ಕರೆಮಾಡಿ ಅಗ್ನಿಶಾಮಕ ದಳದವರನ್ನು ಕರೆಸಬೇಕು.

ಮೂರನೆಯದು ಬಿಸಿಲು. ಬೇಸಗೆಯಲ್ಲಿ ಬಿಸಿಲಿಗೆ ಮೈಯೊಡ್ಡಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿರಾಮ ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಆಜ್ಞೆ ಹೊರಡಿಸುವುದುಂಟು. ನಮ್ಮ ತೋಟದ ಆಳುಗಳಿಗೂ ನಮಗೂ ಆ ನಿಯಮವನ್ನು ನಾವೇ ಪಾಲಿಸಬಾರದೇಕೆ? ಉಪ್ಪು ಬೆರೆಸಿದ ಗಂಜಿತಿಳಿ, ಮಜ್ಜಿಗೆ, ಪುನರ್ಪುಳಿಯ ಪಾನಕ ಬಾಯಾರುವ ಮೊದಲೇ ದೊರೆಯುವಂತಿರಲಿ. ಮೈ ಕಾದು, ಮಾತು ತಡವರಿಸಿ, ಬುದ್ಧಿ ಮಂಕಾದರೆ ಅದು ಬರಿಯ ಬಳಲಿಕೆಯಲ್ಲ, ಪ್ರಾಣಾಪಾಯ. ನೆರಳಿಗೆ ಒಯ್ದು, ಮೈಗೆಲ್ಲ ನೀರು ಹೊಯ್ದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಬಿಸಿಲಿನ ಎಚ್ಚರಿಕೆ ಮಲಯಾಳದಲ್ಲಿ ಬಂದರೆ ಅದನ್ನು ಓದಿ ಅಜ್ಜ ಅಜ್ಜಿಯರಿಗೆ ಕನ್ನಡದಲ್ಲಿ ತಿಳಿಸುವ ಹೊಣೆ ಶಾಲೆಗೆ ಹೋಗುವ ಮಕ್ಕಳದಾಗಲಿ.

ಇನ್ನು ಮಕ್ಕಳ ಆಟ. ಪಟ್ಟಣದಲ್ಲಿ ಬೆಳೆದ ಮಗುವಿಗೆ ಮದಕದ ಆಳವಾಗಲಿ, ಪಾಚಿಗಟ್ಟಿದ ಮೆಟ್ಟಿಲಾಗಲಿ ತಿಳಿಯದು. ಈಜು ಬಲ್ಲ ಹಿರಿಯರೊಬ್ಬರು ದಡದಲ್ಲಿಲ್ಲದೆ ನೀರಿಗಿಳಿಯಕೂಡದು. ಮುಳುಗುತ್ತಿರುವವರತ್ತ ಹಗ್ಗವನ್ನೋ ಮುಂಡನ್ನೋ ಎಸೆಯಬೇಕಲ್ಲದೆ ಈಜು ಬಾರದವರು ಹಾರಬಾರದು. ಗೇರುಬೀಜ ಸುಡುವುದು ಮಕ್ಕಳಿಗೆ ಬಲು ಪ್ರೀತಿ. ಆದರೆ ಸಿಪ್ಪೆಯ ಎಣ್ಣೆ ಸಿಡಿದರೆ ಮುಖವೂ ಕಣ್ಣೂ ಬೇಯುತ್ತವೆ. ಸುಟ್ಟಲ್ಲಿಗೆ ತೆಂಗಿನೆಣ್ಣೆ, ಹಲ್ಲುಜ್ಜುವ ಪೇಸ್ಟುಗಳನ್ನು ಬಳಿಯದೆ, ತಣ್ಣೀರನ್ನು 20 ನಿಮಿಷ ಹೊಯ್ಯಬೇಕು. ಬೀಜ ಹೆಕ್ಕಲು ತರಗೆಲೆಯೊಳಗೆ ಕೈಯಿಡುವ ಮುನ್ನ ಕೋಲಿನಿಂದ ಕೆದಕಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆ ಸೇರಿಸಬೇಕು.

ನಮ್ಮವರಿಗೆ ದೊಡ್ಡ ಆಸ್ಪತ್ರೆ ಬೇಕೆಂದರೆ ಕಾಸರಗೋಡಿಗೋ, ಗಡಿದಾಟಿ ಪುತ್ತೂರು ಮಂಗಳೂರುಗಳಿಗೋ ಹೋಗಬೇಕು. ಗುಡ್ಡದ ದಾರಿ; ವೇಳೆ ತಗಲುತ್ತದೆ. ಆದುದರಿಂದ ಮೊದಲ ಹತ್ತು ನಿಮಿಷಗಳ ವೈದ್ಯರು ಮನೆಯವರೇ. ಒಂದು ಉದ್ದನೆಯ ಹಲಗೆ, ಗಟ್ಟಿಯಾದ ಹಗ್ಗ, ಶುಭ್ರವಾದ ಬಟ್ಟೆ, ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟ ದೂರವಾಣಿ ಸಂಖ್ಯೆಗಳು - ಇವಿಷ್ಟು ಪ್ರತಿ ಮನೆಯಲ್ಲೂ ಇರಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಅವಘಡಗಳು ಬಹುಮಟ್ಟಿಗೆ ದಣಿದ ಹೊತ್ತಿನಲ್ಲಿ, ಕೆಲಸ ಮುಗಿಯಿತೆನ್ನುವ ಹೊತ್ತಿನಲ್ಲಿ ಬರುತ್ತವೆ. ಇನ್ನೊಂದೇ ಮರ, ಇನ್ನೊಂದೇ ಬುಟ್ಟಿ ಕೆಸರು, ಇನ್ನೊಂದೇ ಮುಳುಗು. ಆ ಮಾತು ಕಿವಿಗೆ ಬಿದ್ದೊಡನೆ, “ಸಾಕು, ಇಳಿದು ಬನ್ನಿ, ಉಳಿದದ್ದು ನಾಳೆಗಾಯಿತು” ಎಂದು ಹೇಳುವವರೊಬ್ಬರು ಪ್ರತಿ ಮನೆಯಲ್ಲೂ ಇರಲಿ. ಅಂದು ನಮ್ಮಲ್ಲಿ ಯಾರೂ ಹಾಗೆ ಹೇಳಲಿಲ್ಲ.