ಬಾಣಂತಿಗೆ ಶಾಖ: ಎಂದು, ಎಲ್ಲಿ, ಎಷ್ಟು

ಮಗಳ ಬಾಣಂತನಕ್ಕೆಂದು ಊರಿನಿಂದ ಬ್ರಿಟನ್ನಿಗೆ ಬಂದ ತಾಯಂದಿರನ್ನು ಇಲ್ಲಿನ ಆಸ್ಪತ್ರೆಯಲ್ಲಿ ಮೊದಲು ಕಂಗೆಡಿಸುವುದು ಐಸ್ ಪ್ಯಾಕ್. ಬಾಣಂತಿಗೆ ತಣ್ಣೀರೂ ಸೋಕಬಾರದೆಂದು ನಂಬಿದವರ ಕಣ್ಣೆದುರಿಗೇ ಹೊಲಿಗೆ ಹಾಕಿದ ಜಾಗಕ್ಕೆ ಮಂಜುಗಡ್ಡೆ! ಮನೆಗೆ ಮರಳಿದ ಕೂಡಲೇ ಅದಕ್ಕೆ ಪರಿಹಾರವೆಂಬಂತೆ ಶಾಖ ಆರಂಭವಾಗುತ್ತದೆ. ತಾಯಿಗೂ ಮಿಡ್‌ವೈಫ್‌ಗೂ ನಡುವೆ ಸಿಕ್ಕಿಕೊಂಡ ಬಾಣಂತಿ ಇಬ್ಬರಿಗೂ ತಲೆಯಾಡಿಸಿ ನೋವನ್ನು ನುಂಗಿಕೊಳ್ಳುತ್ತಾಳೆ.

ಇದನ್ನು ನಮ್ಮ ಪದ್ಧತಿ, ಅವರ ಪದ್ಧತಿ ಎಂಬ ಜಗಳವಾಗಿ ಬೆಳೆಸುವುದು ನಮಗೆ ಸರಿಯೆನಿಸುವುದಿಲ್ಲ. ಯೋನಿಮಾರ್ಗದ ಮೂಲಕ ಮೊದಲ ಬಾರಿ ಹೆರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯವರೆಗೆ ಯೋನಿ ಹಾಗೂ ಗುದದ್ವಾರದ ನಡುವಣ ಭಾಗದಲ್ಲಿ ತರಚು, ಸೀಳು ಇಲ್ಲವೇ ಕೊಯ್ತದ ಗಾಯವಾಗುತ್ತದೆಂದು ಇಲ್ಲಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಹೇಳುತ್ತದೆ. ಮೊದಲ ದಿನ ಆ ಜಾಗ ಊದಿಕೊಂಡಿರುತ್ತದೆ. ಆಗ ಶಾಖ ಕೊಟ್ಟರೆ ರಕ್ತನಾಳಗಳು ಹಿಗ್ಗಿ ಊತ ಹೆಚ್ಚಬಹುದು. ತಂಪು ಅವನ್ನು ಕುಗ್ಗಿಸಿ ನೋವನ್ನು ಮರಗಟ್ಟಿಸುತ್ತದೆ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಹೆರಿಗೆಯ ಬೆನ್ನಿಗೇ ಬರುವ ನೋವಿಗೆ ತಂಪನ್ನು ನೀಡಬಹುದೆನ್ನುತ್ತದೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಸಾಕು. ಅದರಿಂದ ಬಾಣಂತಿಗೆ ಶೀತವಾಗುವುದಿಲ್ಲ.

ಒಂದು ದಿನ ಕಳೆದ ಮೇಲೆ ಅಜ್ಜಿಯ ಮಾತಿಗೂ ಸ್ಥಾನವುಂಟು. ಶುದ್ಧವಾದ ಅಗಲ ಪಾತ್ರೆಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ಹತ್ತು ಹದಿನೈದು ನಿಮಿಷ ಕುಳಿತು, ಒರೆಸದೆ ಮೆತ್ತಗೆ ಒತ್ತಿ ಒಣಗಿಸಿಕೊಂಡರೆ ಬಿಗಿದ ಸ್ನಾಯುಗಳು ಸಡಿಲಗೊಂಡು ಹಿತವೆನಿಸುತ್ತದೆ. ಕೂಸಿನ ಸ್ನಾನಕ್ಕೆ ಮೊಣಕೈ ಅದ್ದಿ ನೋಡುವ ಹದವೇ ಇದಕ್ಕೂ ಸಾಕು. ಇದರಿಂದ ಗಾಯ ಬೇಗ ಮಾಯುತ್ತದೆಂದು ನಾವು ಭರವಸೆ ಕೊಡಲಾರೆವು. ನೋವು ತಗ್ಗುವುದೇನು ಸಣ್ಣ ಲಾಭವಲ್ಲ. ಡೆಟ್ಟಾಲ್ ಮಾತ್ರ ಬೇಡ, ಅದು ಉರಿಸುತ್ತದೆ.

ನಾವು ಕಟುವಾಗಿ ವಿರೋಧಿಸುವುದು ಕೆಂಡವನ್ನು. ಗಾಳಿಯಾಡುವ ತೊಟ್ಟಿಮನೆಯಲ್ಲಿ ಮಂಚದ ಕೆಳಗಿಡುತ್ತಿದ್ದ ಅಗ್ಗಿಷ್ಟಿಕೆಯನ್ನು ಕಿಟಕಿ ಮುಚ್ಚಿದ ಇಲ್ಲಿನ ಫ್ಲ್ಯಾಟಿನಲ್ಲಿ ಹೊತ್ತಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಇನ್ನು ಇನ್ಫ್ರಾರೆಡ್ ದೀಪ. ಭಾರತದ ನರ್ಸಿಂಗ್ ಶಿಕ್ಷಣದಲ್ಲಿ ಅದರ ಶಾಖ ಕೊಡುವ ಕ್ರಮವನ್ನು ಕಲಿಸಿದ್ದುಂಟು: ದೂರ ಅಳೆದು, ಗಡಿಯಾರ ನೋಡಿ, ಶುಶ್ರೂಷಕಿ ಬಳಿಯಲ್ಲೇ ನಿಂತು. ಆ ಎಚ್ಚರವನ್ನು ಬಿಟ್ಟು ಬರಿಯ ದೀಪವನ್ನು ಆನ್‌ಲೈನಿನಲ್ಲಿ ತರಿಸಿಕೊಂಡರೆ ಚರ್ಮ ಸುಡುತ್ತದೆ. ಮರಗಟ್ಟಿದ ಜಾಗವಾದರೆ ಸುಟ್ಟದ್ದೂ ತಿಳಿಯದು.

ಇವೆಲ್ಲಕ್ಕಿಂತ ನಮ್ಮನ್ನು ಕಾಡುವುದು ಸಂಕೋಚ. ‘ಕೆಳಗೆ ಸ್ವಲ್ಪ ನೋವು’ ಎಂಬುದಕ್ಕಿಂತ ಮುಂದೆ ನಮ್ಮ ಹೆಣ್ಣುಮಕ್ಕಳ ಮಾತು ಹೋಗುವುದಿಲ್ಲ. ಹೊಲಿಗೆ ಬಿಚ್ಚಿಕೊಂಡರೆ, ದುರ್ವಾಸನೆಯ ಸ್ರಾವವಾದರೆ, ಜ್ವರ 38 ಡಿಗ್ರಿ ಮುಟ್ಟಿದರೆ, ದಿನ ಕಳೆದಂತೆ ನೋವು ಏರಿದರೆ ಅದು ಶಾಖಕ್ಕೂ ತಂಪಿಗೂ ಬಗ್ಗುವಂಥದಲ್ಲ; ಅಂದೇ ವೈದ್ಯರನ್ನು ಕಾಣಬೇಕು. ಮಿಡ್‌ವೈಫ್ ಮನೆಗೆ ಬರುವ ದಿನ ಅಜ್ಜಿಯನ್ನು ಅಡುಗೆಮನೆಗೆ ಕಳುಹಿಸದೆ ಜೊತೆಗೇ ಕೂರಿಸಿಕೊಳ್ಳಿ. ಅವರ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿ, ಉತ್ತರವನ್ನು ಕನ್ನಡದಲ್ಲಿ ಹೇಳಿ. ಭಾಷಾಂತರಕ್ಕೆ ಯಾರೂ ಇಲ್ಲದಿದ್ದರೆ ನಮ್ಮ ಸ್ವಯಂಸೇವಕ ವೈದ್ಯರಲ್ಲಿ ಒಬ್ಬರು ದೂರವಾಣಿಯಲ್ಲಿ ಜೊತೆಗೂಡುತ್ತಾರೆ.